ಮುಚ್ಚದೆ ಉಳಿಸಿದ ಸೀಲಿಂಗ್: ಮಡಿಕೇರಿ ಇಳಿಜಾರಿನ ಮನೆಯೊಂದರ ಪ್ರಕರಣ

ಮಡಿಕೇರಿ ತಾಲ್ಲೂಕಿನಲ್ಲಿ ಇಳಿಜಾರಿಗೆ ಒರಗಿದಂತೆ ಕಟ್ಟಿದ ಮನೆಗಳು ರಸ್ತೆಯ ಕಡೆಯಿಂದ ಒಂದೇ ಅಂತಸ್ತಿನವಾಗಿ ಕಾಣುತ್ತವೆ. ಕಣಿವೆಯ ಕಡೆಗೆ ಇಳಿದು ನೋಡಿದರೆ ಅದರಡಿ ಇನ್ನೊಂದು ಅಂತಸ್ತು ಇರುತ್ತದೆ. ಒಂದು ಬದಿಯ ಗೋಡೆ ಪೂರ್ತಿ ಮಣ್ಣಿಗೆ ತಾಗಿರುವ ಈ ಭಾಗವನ್ನು ಕೆಲವರು ಸೆಲ್ಲಾರ್ ಎನ್ನುತ್ತಾರೆ, ಕೆಲವರು ಅಂಡರ್‌ಗ್ರೌಂಡ್ ಎನ್ನುತ್ತಾರೆ. ಬೇಸ್‌ಮೆಂಟ್ ಎಂದರೆ ನಮ್ಮ ಮೇಸ್ತ್ರಿಗಳಿಗೆ ತಳಪಾಯದಿಂದ ನೆಲಮಟ್ಟದವರೆಗೆ ಏಳುವ ಕಟ್ಟಡವೆಂದೇ ಅರ್ಥವಾಗುವುದರಿಂದ, ಗೊಂದಲ ಬೇಡವೆಂದು ಇಲ್ಲಿ ಅದನ್ನು ಕೆಳಮನೆ ಎಂದು ಕರೆಯುತ್ತೇನೆ. ಅಂಥ ಒಂದು ಕೆಳಮನೆಯ ಸೀಲಿಂಗನ್ನು ಫಾಲ್ಸ್ ಸೀಲಿಂಗ್‌ನಿಂದ ಮುಚ್ಚದೆ, ಇದ್ದಂತೆಯೇ ಬಿಟ್ಟು ಬಣ್ಣ ಬಳಿದ ಕೆಲಸದ ವಿವರ ಇದು. ಮೇಲ್ವಿಚಾರಣೆ ನನ್ನದಾಗಿತ್ತು. ಮೊದಲ ಪ್ರಯತ್ನ ಸೋತಿತು. ಆ ಸೋಲಿನಲ್ಲಿ ನನ್ನ ಪಾಲು ದೊಡ್ಡದು. ಮನೆಯವರ ಒಪ್ಪಿಗೆ ಪಡೆದು, ಅವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಬರೆದಿದ್ದೇನೆ.

ಹಿನ್ನೆಲೆ

ಮನೆ 1990ರ ದಶಕದ ನಡುವಿನದು. ಕೆಳಮನೆಯ ದೊಡ್ಡ ಕೋಣೆ 30 ಅಡಿ ಉದ್ದ, 14 ಅಡಿ ಅಗಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅದು ಕಾಫಿ ಮತ್ತು ಕರಿಮೆಣಸಿನ ಚೀಲಗಳ ಉಗ್ರಾಣವಾಗಿತ್ತು. ಒಂದು ಮೂಲೆಯಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ, ಅದರ ಪಕ್ಕದಲ್ಲಿ ಸೌದೆಯ ರಾಶಿ. ಮೇಲಿನ ಸ್ನಾನದ ಮನೆಗಳ ಪೈಪುಗಳೆಲ್ಲ ಈ ಕೋಣೆಯ ಸ್ಲ್ಯಾಬಿನ ಅಡಿಯಲ್ಲಿಯೇ ಹಾದುಹೋಗಿದ್ದವು. ತೋಟದ ಫಸಲಿಗೆ ಬೇರೆ ಗೋದಾಮು ಕಟ್ಟಿದ ಮೇಲೆ ದಂಪತಿ ಈ ಕೋಣೆಯನ್ನು ನೆಂಟರಿಷ್ಟರು ಸೇರಿ ಊಟ ಮಾಡುವ ಹಾಲ್ ಆಗಿ ಮಾಡಲು ಬಯಸಿದರು. ಮೇ ತಿಂಗಳಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಅಷ್ಟರೊಳಗೆ ಮುಗಿಯಬೇಕೆಂಬ ಆಸೆ ಸಹಜವಾದದ್ದೇ, ಆದರೆ ಮುಂದಿನ ತಪ್ಪುಗಳೆಲ್ಲ ಹುಟ್ಟಿದ್ದು ಆ ದಿನಾಂಕದಿಂದ.

ಅವರ ಕೈಯಲ್ಲಿ ಆಗಲೇ ಎರಡು ಕೊಟೇಶನ್‌ಗಳಿದ್ದವು: ಒಂದು ಜಿಪ್ಸಮ್ ಬೋರ್ಡಿನದು, ಇನ್ನೊಂದು ಪಿವಿಸಿ ಪ್ಯಾನೆಲಿನದು. ನಾನು ಹೋದ ದಿನ ಮೊದಲು ಮಾಡಿದ್ದು ಅಳತೆ. ನೆಲದಿಂದ ಸ್ಲ್ಯಾಬಿಗೆ 9 ಅಡಿ 2 ಅಂಗುಲ, ಅಂದರೆ ಸುಮಾರು 2.79 ಮೀಟರ್. ಸ್ಲ್ಯಾಬಿನಿಂದ ಒಂದು ಅಡಿ ಕೆಳಗಿಳಿದ ಮೂರು ಬೀಮುಗಳಿದ್ದವು. ಇಳಿಜಾರು ಕೊಟ್ಟು ಎಳೆದ ಕೊಳಚೆ ನೀರಿನ ಪೈಪು ಅತಿ ತಗ್ಗಿನ ಜಾಗದಲ್ಲಿ ನೆಲದಿಂದ 7 ಅಡಿ 9 ಅಂಗುಲದಲ್ಲಿತ್ತು. ಅದರಡಿ ಚೌಕಟ್ಟು ಕಟ್ಟಿ ಬೋರ್ಡು ಹೊಡೆದರೆ ಉಳಿಯುವುದು ಏಳೂವರೆ ಅಡಿ, ಸುಮಾರು 2.29 ಮೀಟರ್. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಎತ್ತರ 2.75 ಮೀಟರ್, ಬೀಮಿನ ಅಡಿಯಲ್ಲಿ 2.4 ಮೀಟರ್. ಸ್ಲ್ಯಾಬನ್ನು ತೆರೆದೇ ಇಟ್ಟರೆ ಈ ಕೋಣೆ ಎರಡೂ ಅಳತೆಗಳಲ್ಲಿ ಸ್ವಲ್ಪದರಲ್ಲಿ ದಾಟುತ್ತಿತ್ತು. ಮುಚ್ಚಿದರೆ ಎರಡರಲ್ಲೂ ಸೋಲುತ್ತಿತ್ತು.

ಎತ್ತರವೊಂದೇ ಕಾರಣವಾಗಿರಲಿಲ್ಲ. ಮೇಲೆ ಎರಡು ಸ್ನಾನದ ಮನೆಗಳಿರುವ ಸ್ಲ್ಯಾಬಿನ ಅಡಿಗೆ ಬೋರ್ಡು ಹೊಡೆದರೆ, ಪೈಪಿನ ಜೋಡಣೆಯೊಂದು ತೊಟ್ಟಿಕ್ಕಲು ತೊಡಗಿದಾಗ ಅದು ಮನೆಯವರಿಗೆ ತಿಳಿಯುವುದು ಜಿಪ್ಸಮ್ ನೆನೆದು ಜೋತುಬಿದ್ದ ಮೇಲೆ. ಪಿವಿಸಿ ಪ್ಯಾನೆಲ್ ನೆನೆಯುವುದಿಲ್ಲ ನಿಜ, ಆದರೆ ಅದು ನೀರನ್ನು ಇನ್ನೂ ಹೆಚ್ಚು ಕಾಲ ಬಚ್ಚಿಡುತ್ತದೆ, ಮತ್ತು ತೋಟದ ನಡುವಿನ ಮನೆಯಲ್ಲಿ ಅಂಥ ಕತ್ತಲೆಯ ಸಂದು ಇಲಿಗಳಿಗೆ ಹೇಳಿ ಮಾಡಿಸಿದ ಜಾಗ. ಸ್ಲ್ಯಾಬನ್ನು ತೆರೆದಿಡೋಣ, ಬಣ್ಣ ಬಳಿಯೋಣ ಎಂದು ನಾನು ಹೇಳಿದೆ. ಸ್ಲ್ಯಾಬು ಹಾಕುವಾಗ ಅಡಿಗೆ ಕೊಟ್ಟ ಸೆಂಟ್ರಿಂಗ್ ಹಲಗೆಗಳ ಗೆರೆಗಳು ಕಾಂಕ್ರೀಟಿನಲ್ಲಿ ಅಚ್ಚೊತ್ತಿದಂತೆ ಉಳಿದಿದ್ದುದು ಮನೆಯೊಡೆಯರಿಗೂ ಇಷ್ಟವಾಗಿತ್ತು. ಆ ತೀರ್ಮಾನ ಸರಿಯಾಗಿತ್ತು ಎಂದು ಇಂದಿಗೂ ನಂಬುತ್ತೇನೆ. ಅದನ್ನು ಜಾರಿಗೆ ತಂದ ರೀತಿ ಸರಿಯಿರಲಿಲ್ಲ.

ಏಪ್ರಿಲ್‌ನ ಬಣ್ಣ, ಜುಲೈನ ಕಲೆ

ಏಪ್ರಿಲ್ ಮೊದಲ ವಾರ ಪೇಂಟರುಗಳು ಬಂದರು. ಜೇಡರ ಬಲೆ ತೆಗೆದು, ಕಡ್ಡಿಪೊರಕೆಯಿಂದ ಧೂಳು ಗುಡಿಸಿ, ಅಲ್ಲಲ್ಲಿ ಪುಟ್ಟಿ ತುಂಬಿ, ಪ್ರೈಮರ್ ಒಂದು ಕೈ, ಬಿಳಿ ಎಮಲ್ಷನ್ ಎರಡು ಕೈ ಬಳಿದರು. ಸ್ನಾನದ ಮನೆಯ ಅಡಿಯಲ್ಲಿ ಅಂಗೈಯಗಲದ ಒಂದು ಬಿಳಿ ಹಕ್ಕಳೆ ಇದ್ದುದನ್ನು ನಾನು ನೋಡಿದ್ದೆ. ಮುಟ್ಟಿದರೆ ಒಣಗಿತ್ತು. ಹಳೆಯ ಕಲೆಯಿರಬೇಕೆಂದು ಕೆರೆಸಿ ಮುಂದುವರಿಯಲು ಒಪ್ಪಿದೆ. ಕೊಡಗಿನಲ್ಲಿ ಏಪ್ರಿಲ್ ತಿಂಗಳಲ್ಲಿ ಒಣಗಿರುವ ಕಾಂಕ್ರೀಟು ಮಳೆಗಾಲದಲ್ಲಿಯೂ ಒಣಗಿಯೇ ಇರುತ್ತದೆಂದು ಊಹಿಸಲು ಯಾವ ಆಧಾರವೂ ಇರಲಿಲ್ಲ. ಗಡುವು ಹತ್ತಿರವಿತ್ತು ಎಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಸಮರ್ಥನೆಯಿಲ್ಲ.

ನಾಮಕರಣ ಚೆನ್ನಾಗಿ ನಡೆಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ಕಕ್ಕಡ ತಿಂಗಳು ಶುರುವಾಗುವ ಹೊತ್ತಿಗೆ, ಅಂದರೆ ಜುಲೈ ನಡುವಿನಲ್ಲಿ, ಮನೆಯೊಡತಿ ಫೋನ್ ಮಾಡಿ, "ಒಮ್ಮೆ ಬಂದು ನೋಡಿ ಸಾರ್, ಮೂರು ಕಡೆ ಮೂರು ತರ ಆಗಿದೆ" ಎಂದರು. ಅವರ ಮಾತಿನಲ್ಲಿ ರೋಗಪತ್ತೆಯ ಅರ್ಧ ಕೆಲಸ ಮುಗಿದಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಸ್ನಾನದ ಮನೆಯ ಅಡಿಯಲ್ಲಿ ಬಣ್ಣ ಗುಳ್ಳೆಯೆದ್ದು ಸಿಪ್ಪೆಯಂತೆ ಸುಲಿಯುತ್ತಿತ್ತು. ಹಂಡೆ ಒಲೆಯಿದ್ದ ಮೂಲೆಯಲ್ಲಿ ಬಣ್ಣ ಗಟ್ಟಿಯಾಗಿಯೇ ಅಂಟಿಕೊಂಡಿತ್ತು, ಆದರೆ ಬಿಳಿಯ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಗಳು ಮೂಡಿದ್ದವು. ಮಣ್ಣಿಗೆ ತಾಗಿದ ಗೋಡೆ ಸ್ಲ್ಯಾಬನ್ನು ಸೇರುವ ಅಂಚಿನುದ್ದಕ್ಕೂ ಕರಿ ಚುಕ್ಕೆಗಳ ಬೂಷ್ಟು.

ಪೇಂಟರು ಮತ್ತೊಂದು ಕೈ ಬಳಿದುಕೊಡಲು ಸಿದ್ಧನಿದ್ದ, ಅದೂ ಕೂಲಿಯಿಲ್ಲದೆ. ಮನೆಯೊಡೆಯರಿಗೆ ಬೇಸರವಾಗಿತ್ತು, ಹಳೆಯ ಕೊಟೇಶನ್ ತೆಗೆದು ಎಲ್ಲವನ್ನೂ ಮುಚ್ಚಿಬಿಡೋಣವೇ ಎಂದು ಕೇಳಿದರು. ಈ ಪ್ರಕರಣದ ನಿಜವಾದ ತಿರುವು ಆ ಮಧ್ಯಾಹ್ನದ ಮಾತುಕತೆ. ಮುಚ್ಚಿದ್ದರೆ ಮೂರೂ ತೊಂದರೆಗಳು ಬೋರ್ಡಿನ ಹಿಂದೆ ಹಾಗೆಯೇ ಮುಂದುವರಿಯುತ್ತಿದ್ದವು. ತಪ್ಪು ನನ್ನದೆಂದು ಅವರಿಗೆ ಹೇಳಿ, ಮಳೆ ನಿಲ್ಲುವವರೆಗೆ ಯಾರೂ ಬ್ರಷ್ ಹಿಡಿಯುವುದು ಬೇಡ, ಈ ಮಳೆಗಾಲವನ್ನು ಪೂರ್ತಿ ಪರೀಕ್ಷೆಗೆ ಬಳಸೋಣ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಆರು ತಿಂಗಳು ಸುಲಿದ ಸೀಲಿಂಗಿನ ಕೆಳಗೆ ಕುಳಿತು ಊಟ ಮಾಡುವುದು ಸಣ್ಣ ತಾಳ್ಮೆಯಲ್ಲ.

ನೀರಿನ ಜಾಡು

ಸ್ಲ್ಯಾಬಿನ ಬೇರೆ ಬೇರೆ ಐದು ಕಡೆ 18 ಅಂಗುಲ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದೆವು. ಕಾಂಕ್ರೀಟಿನ ಒಳಗಿನ ತೇವವನ್ನು ತಿಳಿಯಲು ಇದು ಹಳೆಯ, ಸುಲಭದ ಕ್ರಮ; ಕನಿಷ್ಠ 16 ಗಂಟೆ ಬಿಡಬೇಕು, ನಾವು ಒಂದು ಇಡೀ ದಿನ ಬಿಟ್ಟೆವು. ಸ್ನಾನದ ಮನೆಯ ಅಡಿಯ ಹಾಳೆಯೊಳಗೆ ಮಾತ್ರ ಹನಿಗಳು ಕಟ್ಟಿದ್ದವು. ಉಳಿದ ಕಡೆ, ಬೂಷ್ಟು ಹಿಡಿದ ಅಂಚಿನಲ್ಲಿ ಕೂಡ, ಹಾಳೆ ಒಣಗಿತ್ತು. ಅಲ್ಲಿಗೆ ಬೂಷ್ಟಿಗೆ ಬೇಕಾದ ನೀರು ಸ್ಲ್ಯಾಬಿನೊಳಗಿಂದ ಬರುತ್ತಿಲ್ಲ, ಕೋಣೆಯ ಗಾಳಿಯಿಂದ ಬರುತ್ತಿದೆ ಎಂಬುದು ಖಚಿತವಾಯಿತು. ಮಣ್ಣಿನ ಕಡೆಯ ಗೋಡೆ ತಣ್ಣಗಿರುತ್ತದೆ. ಮಳೆಗಾಲದ ತೇವದ ಗಾಳಿ ಅದಕ್ಕೆ ತಾಗಿ ಅಲ್ಲಿಯೇ ನೀರಿಳಿಸುತ್ತದೆ. ಆ ವಾರಗಳಲ್ಲಿ ಕೋಣೆಯಲ್ಲಿಟ್ಟ ತೇವಾಂಶ ಮಾಪಕ ಶೇ 85ಕ್ಕಿಂತ ಕೆಳಗೆ ಇಳಿದದ್ದೇ ಅಪರೂಪ.

ಇನ್ನು ಸ್ನಾನದ ಮನೆಯ ಸೋರಿಕೆ. ಪ್ಲಂಬರ್ ನೋಡಿದೊಡನೆ ಮೇಲಿನ ಟೈಲ್ಸನ್ನೆಲ್ಲ ಒಡೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಬೇಕೆಂದ. ಒಡೆಯುವ ಮೊದಲು ಎರಡು ಪರೀಕ್ಷೆ ಮಾಡೋಣವೆಂದು ತಡೆದೆ. ಮೊದಲು ಸ್ನಾನದ ಮನೆಯ ನೆಲದ ನೀರು ಪೈಪಿಗೆ ಇಳಿಯುವ ನಹಾನಿ ಟ್ರ್ಯಾಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಕಾದೆವು. ಕೆಳಗೆ ಹೊಸ ಹನಿ ಕಾಣಲಿಲ್ಲ. ಮಾರನೆಯ ದಿನ ಟ್ರ್ಯಾಪಿನ ಬಾಯಿ ತೆರೆದು, ಅರಿಶಿನ ಕದಡಿದ ನೀರನ್ನು ಬಕೆಟ್ಟಿನಿಂದ ನೇರವಾಗಿ ಅದರೊಳಗೆ ಸುರಿದೆವು. ಹತ್ತು ನಿಮಿಷದೊಳಗೆ ಪೈಪು ಸ್ಲ್ಯಾಬನ್ನು ತೂರಿ ಬರುವ ಕಂಠದ ಸುತ್ತ ಹಳದಿ ಹನಿ ಇಣುಕಿತು. ನೆಲ ಸರಿಯಾಗಿತ್ತು, ಸೋರುತ್ತಿದ್ದದ್ದು ಟ್ರ್ಯಾಪಿಗೂ ಪೈಪಿಗೂ ನಡುವಿನ ಜೋಡಣೆ. ಇಡೀ ಸ್ನಾನದ ಮನೆ ಒಡೆಯುವ ಬದಲು ಟ್ರ್ಯಾಪಿನ ಸುತ್ತಲಿನ ನಾಲ್ಕು ಟೈಲ್ಸ್ ಮಾತ್ರ ತೆಗೆದರೆ ಸಾಕಾಯಿತು. ಏಪ್ರಿಲ್‌ನಲ್ಲಿ ನಾನು ಕೆರೆಸಿ ಹಾಕಿದ ಬಿಳಿ ಹಕ್ಕಳೆ ಇದೇ ನೀರಿನ ಗುರುತಾಗಿತ್ತು: ಕಾಂಕ್ರೀಟಿನೊಳಗೆ ಇಳಿದ ನೀರು ಅದರಲ್ಲಿನ ಸುಣ್ಣವನ್ನು ಕರಗಿಸಿ ತರುತ್ತದೆ, ಹೊರಗೆ ಬಂದು ಗಾಳಿಗೆ ತಾಗಿದಾಗ ಆ ಸುಣ್ಣ ಗಟ್ಟಿ ಹಕ್ಕಳೆಯಾಗುತ್ತದೆ. ಏಪ್ರಿಲ್‌ನಲ್ಲಿ ಮುಟ್ಟಿದಾಗ ಒಣಗಿದ್ದುದಕ್ಕೂ ಕಾರಣವಿತ್ತು. ಆ ಸ್ನಾನದ ಮನೆ ನೆಂಟರು ಬಂದಾಗ ಮಾತ್ರ ಬಳಕೆಯಾಗುತ್ತಿತ್ತು. ಅದನ್ನು ಯಾರು, ಯಾವಾಗ ಬಳಸುತ್ತಾರೆ ಎಂಬ ಒಂದು ಪ್ರಶ್ನೆಯನ್ನು ಅಂದೇ ಕೇಳಿದ್ದರೆ ಈ ಪ್ರಕರಣ ಇಷ್ಟು ಉದ್ದವಾಗುತ್ತಿರಲಿಲ್ಲ.

ಸುಲಿದ ಬಣ್ಣವನ್ನು ಕೆರೆದಾಗ ಇನ್ನೊಂದು ವಿಷಯ ಹೊರಬಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದಂತೆ ಮೂರು ಕಡೆ ಟೊಳ್ಳು ಸದ್ದು ಕೇಳಿಸಿತು. ತೆಗೆದು ನೋಡಿದರೆ ಕಂಬಿ ತುಕ್ಕು ಹಿಡಿದಿತ್ತು. ಹೊಸ ಕಾಂಕ್ರೀಟಿನ ಕ್ಷಾರಗುಣವೇ ಕಂಬಿಗೆ ಕವಚ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತ ಆ ಕ್ಷಾರವನ್ನು ಕುಗ್ಗಿಸುತ್ತದೆ, ಕಂಬಿಯವರೆಗೆ ಅದು ತಲುಪಿದ ಮೇಲೆ ತೇವ ಸಿಕ್ಕರೆ ತುಕ್ಕು ಶುರುವಾಗುತ್ತದೆ, ಮತ್ತು ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಈ ಮನೆ ಕಟ್ಟಿದ ಕಾಲಕ್ಕೆ ಜಾರಿಯಲ್ಲಿದ್ದ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ 1978ರ ಆವೃತ್ತಿಯಲ್ಲಿ ಸ್ಲ್ಯಾಬಿನ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ಹೊದಿಕೆ 15 ಮಿಲಿಮೀಟರ್ ಇದ್ದರೆ ಸಾಕಿತ್ತು. 2000ದ ಆವೃತ್ತಿ ಸೌಮ್ಯ ವಾತಾವರಣಕ್ಕೇ 20, ಮಧ್ಯಮ ವಾತಾವರಣಕ್ಕೆ 30 ಮಿಲಿಮೀಟರ್ ಕೇಳುತ್ತದೆ. ಇಲ್ಲಿ ಕೆಲವು ಕಡೆ ಹೊದಿಕೆ ಹತ್ತು ಮಿಲಿಮೀಟರೂ ಇರಲಿಲ್ಲ. ತುಕ್ಕು ಸ್ಲ್ಯಾಬಿನ ಮೂರು ಸಣ್ಣ ಜಾಗಗಳಲ್ಲಿತ್ತು, ಬೀಮುಗಳು ಗಟ್ಟಿಯಾಗಿದ್ದವು, ಕಂಬಿಯ ದಪ್ಪ ಹೆಚ್ಚು ಸವೆದಿರಲಿಲ್ಲ. ಆದ್ದರಿಂದ ದುರಸ್ತಿ ಸಾಕಾಯಿತು. ಬೀಮಿನಲ್ಲಿ ಕಂಡಿದ್ದರೆ ಬಣ್ಣದ ಮಾತನ್ನೇ ಬದಿಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರಿಂದ ಕಟ್ಟಡದ ತಪಾಸಣೆ ಮಾಡಿಸುತ್ತಿದ್ದೆ.

ಎರಡನೆಯ ಸಲ

ಮಳೆ ಹಿಂದೆಗೆದ ಮೇಲೆ ಕೆಲಸ ಹಿಡಿದೆವು. ಹುತ್ತರಿ ಕಳೆದರೆ ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಕೊಡಗಿನಲ್ಲಿ ಗೋಡೆ ಒಣಗಿರುವ ತಿಂಗಳುಗಳೂ ಕೈಗಳು ಸಿಗದ ತಿಂಗಳುಗಳೂ ಒಂದೇ. ಹಾಗಾಗಿ ಒಡೆಯುವ, ಕೆರೆಯುವ, ಗಾರೆಯ ಕೆಲಸಗಳನ್ನು ನವೆಂಬರಿನಲ್ಲಿಯೇ ಮುಗಿಸಿ, ಇಬ್ಬರೇ ಮಾಡಬಹುದಾದ ಬಣ್ಣದ ಕೆಲಸವನ್ನು ಜನವರಿಗೆ ಇಟ್ಟುಕೊಂಡೆವು.

ಟ್ರ್ಯಾಪಿನ ಜೋಡಣೆ ಬದಲಾಯಿತು, ಅರಿಶಿನದ ನೀರಿನ ಪರೀಕ್ಷೆ ಮತ್ತೊಮ್ಮೆ ನಡೆಯಿತು. ತುಕ್ಕು ಹಿಡಿದ ಕಡೆ ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಕಾಂಕ್ರೀಟು ಒಡೆದು, ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆ ತುಂಬಿದೆವು. ಹಲಗೆಯ ಚೂರುಗಳು, ಸೆಂಟ್ರಿಂಗ್ ಮೊಳೆಗಳು ಒಂದೊಂದಾಗಿ ಹೊರಬಂದವು. ಮೊಳೆಯನ್ನು ಬಿಟ್ಟು ಬಣ್ಣ ಬಳಿದರೆ ಮುಂದಿನ ಮಳೆಗಾಲದಲ್ಲಿ ಅದರ ತುಕ್ಕು ಚುಕ್ಕೆಯಾಗಿ ಮೂಡುತ್ತದೆ. ಮೊದಲ ಸಲದ ಪುಟ್ಟಿಯನ್ನು ಪೂರ್ತಿ ತೆಗೆದೆವು, ಹೊಸದನ್ನು ಹಾಕಲಿಲ್ಲ. ತೆರೆದ ಕಾಂಕ್ರೀಟು ನುಣುಪಾಗಿರಬೇಕಾಗಿಲ್ಲ, ಮತ್ತು ತಲೆಯ ಮೇಲಿನ ಪುಟ್ಟಿ ತೇವಕ್ಕೆ ಮೊದಲು ಬಿಡುವ ಪದರ.

ಮಸಿಯ ಮೂಲೆಗೆ ಬೇರೆಯೇ ಚಿಕಿತ್ಸೆ. ಸೌದೆ ಹೊಗೆಯ ಜಿಡ್ಡನ್ನು ನೀರಿನ ಬಣ್ಣ ಕರಗಿಸಿಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತದೆ. ಎಷ್ಟು ಕೈ ಬಳಿದರೂ ಕಂದು ಕಲೆ ಮತ್ತೆ ಬರುತ್ತದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು, ಒಣಗಿಸಿ, ಕಲೆ ತಡೆಯುವ ದ್ರಾವಕ ಆಧಾರಿತ ಪ್ರೈಮರನ್ನು ಆ ಮೂಲೆಗೆ ಮಾತ್ರ ಹಚ್ಚಿದೆವು. ಹಂಡೆ ಒಲೆಯನ್ನು ಮನೆಯವರು ಮನೆಯ ಹೊರಗೆ ಸಾಗಿಸಿದರು. ಒಲೆ ಅಲ್ಲಿಯೇ ಉರಿಯುತ್ತಿದ್ದರೆ ಈ ಕೆಲಸಕ್ಕೆ ಅರ್ಥವಿರುತ್ತಿರಲಿಲ್ಲ. ಬೂಷ್ಟಿಗೆ ಬ್ಲೀಚಿಂಗ್ ದ್ರಾವಣ ಬಳಸಿದೆವು. ಅಲ್ಲಿ ಸಹಾಯಕನೊಬ್ಬ ಚೆನ್ನಾಗಿ ಹೋಗಲಿ ಎಂದು ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಅದಕ್ಕೆ ಸೇರಿಸಲು ಹೊರಟಿದ್ದ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ಬದಿಗೆ ಕಿಟಕಿಯಿರುವ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಆ ದಿನದಿಂದ ಎರಡು ಬಾಟಲಿಗಳೂ ಒಟ್ಟಿಗೆ ಆ ಕೋಣೆಗೆ ಇಳಿಯಬಾರದೆಂದು ನಿಯಮ ಮಾಡಿದೆ.

ಪೈಪುಗಳಲ್ಲಿ ಒಂದು ಹಳೆಯ ಆಸ್‌ಬೆಸ್ಟಾಸ್ ಸಿಮೆಂಟಿನದು. ಅದನ್ನು ಉಜ್ಜಲು, ಕೊರೆಯಲು ಯಾರಿಗೂ ಬಿಡಲಿಲ್ಲ; ಒದ್ದೆ ಬಟ್ಟೆಯಿಂದ ಒರೆಸಿ, ನಾರು ಏಳದಂತೆ ಬಣ್ಣದಿಂದ ಮುಚ್ಚಿದೆವು. ಬೀಡು ಕಬ್ಬಿಣದ ಪೈಪಿನ ಮೇಲೆ ಹಳೆಯ ಎನಾಮೆಲ್ ಇತ್ತು. ಗೃಹಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗಕ್ಕೆ, ಮಿತಿಗೊಳಿಸಿದ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮೆಲನ್ನು ಒಣಗಿದ್ದಾಗ ಉಜ್ಜಬಾರದೆಂದು ನೀರು ಹಾಕಿಯೇ ಉಜ್ಜಿಸಿದೆ. ಪ್ಲಾಸ್ಟಿಕ್ ಪೈಪುಗಳ ನುಣುಪನ್ನು ಸಣ್ಣ ಉಪ್ಪುಕಾಗದದಿಂದ ಮುರಿದೆವು, ಇಲ್ಲವಾದರೆ ಅವು ಬಣ್ಣ ಹಿಡಿಯುವುದಿಲ್ಲ. ವಾಲ್ವಿನ ಹಿಡಿ, ಪೈಪು ಶುಚಿ ಮಾಡುವ ಮುಚ್ಚಳ, ವಿದ್ಯುತ್ ಜಂಕ್ಷನ್ ಪೆಟ್ಟಿಗೆಯ ಮುಚ್ಚಳಗಳನ್ನು ಟೇಪು ಸುತ್ತಿ ಬಣ್ಣದಿಂದ ಕಾಪಾಡಿದೆವು, ಏಕೆಂದರೆ ಬಣ್ಣದಿಂದ ಬೆಸೆದುಹೋದ ಮುಚ್ಚಳ ತುರ್ತಿನ ಹೊತ್ತಿನಲ್ಲಿ ತೆರೆಯುವುದಿಲ್ಲ.

ಬಣ್ಣದ ಆಯ್ಕೆಯಲ್ಲಿ ಮನೆಯೊಳಗೇ ಭಿನ್ನಾಭಿಪ್ರಾಯವಿತ್ತು. ಬೆಂಗಳೂರಿನಲ್ಲಿರುವ ಮಗ ಅಲ್ಲಿನ ಕೆಫೆಗಳಂತೆ ಪೂರ್ತಿ ಕಪ್ಪು ಬೇಕೆಂದ. ಪೈಪುಗಳೆಲ್ಲ ಕತ್ತಲೆಯಲ್ಲಿ ಕರಗಿ, ಸೀಲಿಂಗ್ ಮೇಲಕ್ಕೆ ಸರಿದಂತೆ ಕಾಣುವುದು ನಿಜ. ತಾಯಿ ಒಪ್ಪಲಿಲ್ಲ. "ಮಳೆಗಾಲದಲ್ಲಿ ಮಧ್ಯಾಹ್ನವೇ ದೀಪ ಹಾಕುವ ಮನೆ ಇದು. ತಲೆ ಮೇಲೆ ಕಪ್ಪು ಬೇಡ ಮಗಾ" ಎಂದರು. ಚರ್ಚೆಗೆ ಬದಲು ನಾಲ್ಕು ಅಡಿ ಚೌಕದ ಮೂರು ಮಾದರಿಗಳನ್ನು ಸ್ಲ್ಯಾಬಿನ ಮೇಲೆಯೇ ಬಳಿದು ಒಂದು ವಾರ ಬಿಟ್ಟೆವು: ಕಪ್ಪು, ಬೂದು, ಕೆನೆಬಿಳಿ. ಸಂಜೆ ನಾಲ್ಕಕ್ಕೆ ದೀಪವಿಲ್ಲದೆ ನೋಡಿದಾಗ ಕಪ್ಪಿನ ಅಡಿಯಲ್ಲಿ ತಟ್ಟೆಯ ಅನ್ನವೂ ಮಂಕಾಗಿ ಕಾಣುತ್ತಿತ್ತು; ಮಗನೇ ಕೆನೆಬಿಳಿಯನ್ನು ಆರಿಸಿದ. ಹೊಳಪಿಲ್ಲದ ಮ್ಯಾಟ್ ಬಣ್ಣವನ್ನೇ ತೆಗೆದುಕೊಂಡೆವು, ಏಕೆಂದರೆ ಹೊಳಪು ಕಾಂಕ್ರೀಟಿನ ಪ್ರತಿಯೊಂದು ಉಬ್ಬು ತಗ್ಗನ್ನೂ ಎತ್ತಿ ತೋರಿಸುತ್ತದೆ. ಪೈಪುಗಳಿಗೂ ಅದೇ ಬಣ್ಣ.

ಲೆಕ್ಕದಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಕೋಣೆ 420 ಚದರಡಿಯಾದರೂ ಮೂರು ಬೀಮುಗಳ ಎರಡೂ ಪಕ್ಕಗಳು ಸೇರಿ 84 ಚದರಡಿ ಹೆಚ್ಚುತ್ತದೆ. ಒಟ್ಟು 504, ಅದರ ಮೇಲೆ ಪೈಪುಗಳು. ಒರಟು ಕಾಂಕ್ರೀಟು ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಕುಡಿಯುತ್ತದೆ. ಸ್ಪ್ರೇ ಯಂತ್ರವನ್ನು ಮೈಸೂರಿನಿಂದ ತರಿಸುವ ಯೋಚನೆಯಿತ್ತು, ಆದರೆ ಇಷ್ಟು ಸಣ್ಣ ಕೋಣೆಗೆ ನೆಲ, ಗೋಡೆ, ಕಿಟಕಿಗಳನ್ನು ಮುಚ್ಚುವ ಕೆಲಸವೇ ಎರಡು ದಿನ ಹಿಡಿಯುತ್ತಿತ್ತು. ಪೈಪಿನ ಹಿಂಬದಿ ಮತ್ತು ಮೂಲೆಗಳಿಗೆ ಮೊದಲು ಬ್ರಷ್, ಆಮೇಲೆ ಉದ್ದ ಕೂದಲಿನ ರೋಲರ್ ಎಂಬ ಕ್ರಮದಲ್ಲಿ ಇಬ್ಬರು ಐದು ದಿನಗಳಲ್ಲಿ ಮುಗಿಸಿದರು. ಜನವರಿಯ ಮುಂಜಾನೆ ಇಲ್ಲಿ ಮಂಜು ಹೊತ್ತೇರುವವರೆಗೂ ಕದಲುವುದಿಲ್ಲ. ಕಾಂಕ್ರೀಟಿನ ಶಾಖ ಇಬ್ಬನಿ ಕಟ್ಟುವ ಶಾಖಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ 85ಕ್ಕಿಂತ ಕಡಿಮೆಯಿರಬೇಕು ಎಂಬ ನಿಯಮದಂತೆ ಹತ್ತೂವರೆಗೆ ಶುರು ಮಾಡಿ ನಾಲ್ಕಕ್ಕೆ ನಿಲ್ಲಿಸುತ್ತಿದ್ದೆವು. ಕೋಣೆಯಲ್ಲಿ ಉಳಿದಿದ್ದ ನಾಲ್ಕು ಚೀಲ ಕಾಫಿಯನ್ನು ಮೊದಲೇ ಸಾಗಿಸಿದ್ದೆವು. ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವುದು ಬೆಳೆಗಾರರಿಗೆ ಹೇಳಬೇಕಾದ ಸಂಗತಿಯೇನಲ್ಲ.

ಮಣ್ಣಿನ ಕಡೆಯ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬೇಡವೆಂದು ಸುಣ್ಣವನ್ನೇ ಬಳಿಸಿದೆ. ಸುಣ್ಣ ಗೋಡೆಯ ಉಸಿರು ಕಟ್ಟುವುದಿಲ್ಲ, ಅದರ ಕ್ಷಾರ ಬೂಷ್ಟನ್ನು ಬಹುಕಾಲ ದೂರವಿಡುತ್ತದೆ. ಸೀಲಿಂಗಿಗೂ ಅದನ್ನೇ ಬಳಿಯಬಹುದಿತ್ತು, ಆದರೆ ಊಟದ ಮೇಜಿನ ಮೇಲೆ ಪುಡಿ ಉದುರುವುದು ಯಾರಿಗೂ ಬೇಡವಾಗಿತ್ತು. ಗೋಡೆಯ ಹಿಂದೆ ಮಣ್ಣು ತುಂಬಿ ಮುಚ್ಚಿಹೋಗಿದ್ದ ಚರಂಡಿಯನ್ನು ಬಿಡಿಸಿ, ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಮನೆಯ ಹಿಂದಿನ ಇಳಿಜಾರಿನ ನೀರು ಎಲ್ಲಿ ಹೋಗುತ್ತದೆ ಎಂಬುದನ್ನು ಸೀಲಿಂಗಿನ ನೆಪದಲ್ಲಾದರೂ ನೋಡಿದ್ದು ಒಳ್ಳೆಯದಾಯಿತು.

ಆಮೇಲೆ

ನಾನು ನಿರೀಕ್ಷಿಸದೆ ಇದ್ದ ಒಂದು ಕೊರತೆ ಬಣ್ಣ ಒಣಗಿದ ಮೇಲೆ ಕಂಡಿತು: ಸದ್ದು. ಸ್ಲ್ಯಾಬು, ಗೋಡೆ, ನೆಲ ಎಲ್ಲವೂ ಗಟ್ಟಿಯಾದ್ದರಿಂದ ಹತ್ತು ಜನ ಕುಳಿತು ಮಾತಾಡಿದರೆ ಎದುರಿಗಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಕಿವಿ ಮಂದವಾದ ಹಿರಿಯರೊಬ್ಬರು ಊಟದ ನಡುವೆಯೇ ಎದ್ದು ಮೇಲೆ ಹೋದದ್ದನ್ನು ಕಂಡು ನನಗೆ ನೋವಾಯಿತು. ಫಾಲ್ಸ್ ಸೀಲಿಂಗ್ ಸದ್ದನ್ನು ಸ್ವಲ್ಪ ತಗ್ಗಿಸುತ್ತಿತ್ತು ಎಂಬುದನ್ನು ಮೊದಲೇ ಮನೆಯವರಿಗೆ ಹೇಳಬೇಕಿತ್ತು. ನೆಲಕ್ಕೆ ತೆಂಗಿನ ನಾರಿನ ಚಾಪೆ, ಕಿಟಕಿಗೆ ದಪ್ಪ ಪರದೆ, ಪೈಪಿಲ್ಲದ ಎರಡು ಅಂಕಣಗಳಲ್ಲಿ ಬೀಮುಗಳ ನಡುವೆ ಬಟ್ಟೆ ಹೊದಿಸಿದ ಹಗುರ ಹಲಗೆಗಳನ್ನು ತೂಗಿಬಿಟ್ಟೆವು. ಕೊಕ್ಕೆಯಿಂದ ಬಿಡಿಸಿದರೆ ಸ್ಲ್ಯಾಬು ಮತ್ತೆ ಕಾಣುತ್ತದೆ. ಮೇಲಿನ ನಡೆದಾಟದ ಸದ್ದು ಇನ್ನೂ ಕೇಳುತ್ತದೆ.

ಖರ್ಚಿನ ಬಗ್ಗೆಯೂ ಇದ್ದದ್ದನ್ನು ಹೇಳಬೇಕು. ಬಣ್ಣ ಬಳಿಯುವುದು ಮುಚ್ಚುವುದಕ್ಕಿಂತ ಅಗ್ಗ ಎಂಬ ನಂಬಿಕೆಯಿಂದ ಮನೆಯವರು ನನ್ನ ಮಾತು ಒಪ್ಪಿದ್ದರು. ಎರಡು ಸಲದ ಬಣ್ಣ, ಸೋರಿಕೆ, ಕಂಬಿಯ ದುರಸ್ತಿ, ಚರಂಡಿ ಎಲ್ಲ ಸೇರಿದಾಗ ಜಿಪ್ಸಮ್‌ನ ಕೊಟೇಶನ್ನಿಗಿಂತ ಹೆಚ್ಚೇ ಆಯಿತು. ಸೋರಿಕೆ ಮತ್ತು ತುಕ್ಕಿನ ದುರಸ್ತಿ ಹೇಗಾದರೂ ಬರಬೇಕಾಗಿದ್ದ ಖರ್ಚು. ಮೊದಲ ಸಲದ ಬಣ್ಣ ಮಾತ್ರ ನನ್ನ ಅವಸರದಿಂದ ಆದ ನಷ್ಟ, ಅದರ ಕೂಲಿಯನ್ನು ನಾನೇ ಭರಿಸಿದೆ. ಆ ನಂತರ ಇಂಥ ಕೆಲಸ ಕೇಳಿ ಬಂದವರಿಗೆ, ಬಣ್ಣಕ್ಕೆ ಮೊದಲು ಒಂದು ಮಳೆಗಾಲ ಸ್ಲ್ಯಾಬನ್ನು ಬರಿದಾಗಿಯೇ ನೋಡಬೇಕು, ಮೇಲಿನ ಎಲ್ಲ ನಲ್ಲಿಗಳನ್ನೂ ಬಳಸುತ್ತ ನೋಡಬೇಕು ಎಂದು ಹೇಳುತ್ತೇನೆ. ಕೆಲವರು ಕೇಳಿಸಿಕೊಂಡು ಬೇರೆಯವರ ಬಳಿ ಹೋಗುತ್ತಾರೆ.

ಮುಂದಿನ ಮಳೆಗಾಲದಲ್ಲಿ ನಾನು ಮೂರು ಸಲ ಆ ಮನೆಗೆ ಹೋದೆ. ಮಸಿಯ ಮೂಲೆಯಲ್ಲಿ ಕಲೆ ಮರಳಿರಲಿಲ್ಲ, ಗಾರೆ ತುಂಬಿದ ಮೂರು ಜಾಗಗಳೂ ತಟ್ಟಿದರೆ ಗಟ್ಟಿ ಸದ್ದು ಕೊಡುತ್ತಿದ್ದವು. ಬೂಷ್ಟು ಒಂದು ಮೂಲೆಯಲ್ಲಿ ಗೇಣುದ್ದ ಕಾಣಿಸಿಕೊಂಡಿತ್ತು. ಅಲ್ಲಿ ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಅರ್ಧ ಅಡಿ ಮುಂದಕ್ಕೆ ಸರಿಸಿ ಒರೆಸಿದ ಮೇಲೆ ಬರಲಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ಅಕ್ಕಿ ರೊಟ್ಟಿ ಬಡಿಸುತ್ತಿದ್ದ ಮನೆಯೊಡತಿ ತಲೆಯೆತ್ತಿದಾಗ ಕೆನೆಬಿಳಿಯ ಮೇಲೆ ನಾಣ್ಯದಗಲದ ಒದ್ದೆ ಗುರುತು ಕಂಡರು. ಇನ್ನೊಂದು ಸ್ನಾನದ ಮನೆಯ ಫ್ಲಷ್ ಪೈಪಿನ ವಾಷರ್ ಸವೆದಿತ್ತು. ಪ್ಲಂಬರ್ ಅಂದೇ ಬಂದು ಬದಲಾಯಿಸಿ ಹೋದ. ಆ ಗುರುತಿಗೆ ಬಳಿಯಲು ಉಳಿದ ಬಣ್ಣದ ಡಬ್ಬವನ್ನು, ಶೇಡಿನ ನಂಬರು ಮತ್ತು ಬಳಿದ ತಿಂಗಳನ್ನು ಮುಚ್ಚಳದ ಮೇಲೆ ಬರೆದು, ಅವರು ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಜನವರಿಯ ಬಿಸಿಲು ಬರುವವರೆಗೆ ಅದನ್ನು ತೆರೆಯುವುದಿಲ್ಲ ಎಂದರು.